ಗುಂಪಿನ ಹಿಂದೆ ಹೋದವನಲ್ಲ

ಕೆದಕಿ ಕೇಳುವುದು ನನ್ನ ಹುಟ್ಟುಗುಣ. ಆದರೂ ಜಪಾನಿನ ಓಜಿಮಾದಲ್ಲಿ ನಮ್ಮ ಪಕ್ಕದ ಮನೆಯ ಕುವಬಾರಾ ಸಾನ್ ನನಗೆ ಒಗಟಾಗಿಯೇ ಉಳಿದಿದ್ದರು. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ ಅಷ್ಟು ಚೆನ್ನಾಗಿ ಪಾಠ ಹೇಳುವುದು ಹೇಗೆ? ನನ್ನ ಮಗಳು ಅನುಗೆ ಒಂದನೇ ಕ್ಲಾಸಿನಿಂದ ಜಪಾನಿ ಅಕ್ಷರ ತಿದ್ದಿಸಿದವರು ಅವರೇ. ಅವಳಿಂದ ಅವರೂ ನಾಲ್ಕು ಮಾತು ಕನ್ನಡ ಕಲಿತರು. ಹೆಂಡತಿ ಮಕ್ಕಳಿಲ್ಲದ ಅವರಿಗೆ, 'ಸೆನ್ಸೇ' ಅಂದರೆ ಗುರುಗಳೇ ಎಂದು ಕರೆಯಲು ಅನು ಒಬ್ಬಳೇ ಶಿಷ್ಯೆ.

ತನ್ನ ಮದುವೆ ಮೈಸೂರಿನಲ್ಲಿ ಎಂದು ನಿಶ್ಚಯವಾದಾಗ ಅವಳು, "ಸೆನ್ಸೇ ಬರದಿದ್ರೆ ನಾನು ಮದುವೆನೇ ಆಗಲ್ಲ ಅಮ್ಮ," ಎಂದು ಹಟ ಹಿಡಿದಳು. ಅವರ ವೀಸಾ ಅರ್ಜಿ ತುಂಬಲು ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದೆ. ಎಂದಾದರೂ ಬಂಧನ, ಶಿಕ್ಷೆ ಆಗಿದೆಯೇ ಎಂಬ ಪ್ರಶ್ನೆ ಬಂತು. ನಗುತ್ತಾ "ಇಲ್ಲ" ಒತ್ತಲು ಹೋದೆ.

"ಆಗಿದೆ," ಎಂದರು.

ಅಯ್ಯೋ ದೇವರೇ! ಕಳ್ಳತನವೋ, ಕೊಲೆಯೋ? ಎಲ್ಲ ಹೇಳುವ ತನಕ ನಾನು ಬಿಡಲಿಲ್ಲ.

೧೯೬೮ರ ಮಾತು. ವಿಯೆಟ್ನಾಂ ಯುದ್ಧಕ್ಕೆಂದು ಅಮೆರಿಕದ ಇಂಧನ ಸಾಗಿಸುತ್ತಿದ್ದ ರೈಲು ತಡೆಯಲು ವಿದ್ಯಾರ್ಥಿಗಳು ಶಿಂಜುಕು ನಿಲ್ದಾಣಕ್ಕೆ ನುಗ್ಗಿದರು. ಮೇಷ್ಟ್ರಾಗಲು ಓದುತ್ತಿದ್ದ ಕುವಬಾರಾ ಕೂಡ ಮುಂದೆ ನಿಂತು ಕಲ್ಲು ತೂರಿದರು. ದೊಂಬಿ ಕೇಸು ಬಿತ್ತು. ಸುಮ್ಮನೆ ಗುಂಪಿನ ಹಿಂದೆ ಹೋದವನಿಗೆ ಬರೀ ದಂಡ, ಮುಂದೆ ನಿಂತು ಹುರಿದುಂಬಿಸಿದವನಿಗೆ ಜೈಲು ಎನ್ನುತ್ತದೆ ಇಲ್ಲಿನ ಕಾನೂನು. ಗೆಳೆಯರ ಹಿಂದೆ ಹೋದೆ ಅಂತ ಹೇಳಿಬಿಡು ಎಂದರಂತೆ ವಕೀಲರು. ಇವರು ಕೋರ್ಟಿನಲ್ಲಿ, "ಯಾರೂ ಕರೆತರಲಿಲ್ಲ, ನಾನಾಗೇ ಬಂದೆ," ಎಂದರು. ಜೈಲು ಶಿಕ್ಷೆಯಾಯಿತು, ಆದರೆ ಅಮಾನತಿನಲ್ಲಿಟ್ಟರು. ಮತ್ತೆ ತಪ್ಪು ಮಾಡದೆ ಗಡುವು ದಾಟಿದ ಮೇಲೆ ಕಾನೂನಿನ ಲೆಕ್ಕದಲ್ಲಿ ಶಿಕ್ಷೆಯೇ ಇಲ್ಲ. ಆದರೂ ಯಾವ ಶಾಲೆಯೂ ಅವರನ್ನು ಸೇರಿಸಿಕೊಳ್ಳಲಿಲ್ಲ.

ನನಗೆ ರೇಗಿತು. "ಆ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಈಗಾದ್ರೂ 'ಇಲ್ಲ' ಅಂತ ಹಾಕೋಣ. ಯಾರು ನೋಡ್ತಾರೆ?"

"ಬೇಡ ವೇದಾ ಸಾನ್, ಗೊತ್ತಾದರೆ ನನ್ನನ್ನು ಕರೆಸಿಕೊಂಡ ಅನುಗೆ ತೊಂದರೆ." ಗೋಡೆಗೆ ಅಂಟಿಸಿದ್ದ ಅವಳ ಎಳೆಯ ಅಕ್ಷರಗಳ ಹಾಳೆಯನ್ನೇ ನೋಡುತ್ತಾ ಕೂತರು. "ಹೌದು ಅಂತಲೇ ಹಾಕಿ. ಆದರೆ ವಿವರದಲ್ಲಿ, ಗೆಳೆಯರ ಹಿಂದೆ ಹೋಗಿದ್ದೆ ಅಂತ ಬರೀರಿ. ಅವಳ ಮದುವೆ ನೋಡಬೇಕು ನಾನು."

ಮೇಷ್ಟ್ರ ಕೆಲಸ ಕೈತಪ್ಪಿದರೂ ಆಡದ ಮಾತನ್ನು ನನ್ನ ಮಗಳಿಗಾಗಿ ಆಡಿದರಲ್ಲ! ಅಷ್ಟು ಹೊತ್ತು ಬೈದ ನನಗೇ ಅದನ್ನು ಬರೆಯಲು ಕೈ ಬರಲಿಲ್ಲ. ಯುದ್ಧ ಬೇಡವೆಂದು ತಾನಾಗೇ ಹೋಗಿದ್ದು ಎಂದೇ ಬರೆದು, ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ವೀಸಾ ಸಿಗದಿದ್ದರೆ?"

"ಸಿಗದಿದ್ರೆ ನಿಮ್ಮ ಶಿಷ್ಯೆ ನನ್ನನ್ನ ಸುಮ್ನೆ ಬಿಡ್ತಾಳಾ?" ಎಂದು ಕಳಿಸಿಯೇಬಿಟ್ಟೆ.

ರಾಯಭಾರ ಕಚೇರಿಯವರು ಅವರನ್ನು ಕರೆಸಿ ವಿಚಾರಿಸಿದರು, ಮತ್ತಷ್ಟು ಕಾಗದ ಕೇಳಿದರು. ಅನು ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಮದುವೆಗೆ ಇನ್ನೇನು ವಾರವಿದೆ ಎನ್ನುವಾಗ ವೀಸಾ ಬಂತು.

ಮೈಸೂರಿನ ಛತ್ರದಲ್ಲಿ ಕುವಬಾರಾ ಸಾನ್ ಜಾರುವ ರೇಷ್ಮೆ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ನಮ್ಮ ಚಿಕ್ಕಪ್ಪ ಹತ್ತಿರ ಹೋಗಿ, "ಯಾರು ಕರ್ಕೊಂಡು ಬಂದ್ರು ನಿಮ್ಮನ್ನ?" ಎಂದು ಕೇಳಿದರು.

ಅವರು ನೆಟ್ಟಗೆ ನಿಂತು, ಅನು ಕಲಿಸಿದ ಕನ್ನಡದಲ್ಲಿ ಹೇಳಿದರು. "ಯಾರೂ ಇಲ್ಲ. ನಾನಾಗೇ ಬಂದೆ."