ರಂಗದಡಿಯ ಎಂಟು ಗುಡಾಣ

ಬೆಳಗಿನ ಐದೂವರೆ. ಲಿಯುಜಿಂಗ್ ಊರಿನ ಹಳೆಯ ನಾಟಕ ರಂಗದ ಹಲಗೆಯಡಿಯಿಂದ ಎರಡು ಕಾಲುಗಳು ಮಾತ್ರ ಹೊರಗೆ ಕಾಣುತ್ತಿವೆ. ಸ್ವಲ್ಪ ಹೊತ್ತಿಗೆ ಒಂದು ಬುಟ್ಟಿ ಮರಳು ಹೊರಬರುತ್ತದೆ, ಅದರ ಹಿಂದೆ ಒಂದಿಷ್ಟು ಕೆಮ್ಮು, ಕೊನೆಗೆ ಅರವತ್ತಮೂರು ವರ್ಷದ ಹೆಂಗಸು, ತಾಂಗ್ ಸೈಹ್ವಾ. ತಲೆಗೆ ಕಟ್ಟಿದ, ಮರಳು ಮೆತ್ತಿದ ವಸ್ತ್ರ ಒಮ್ಮೆ ಹಸಿರಾಗಿತ್ತೆಂದು ಅವರೇ ಹೇಳಬೇಕು.

"ಹನ್ನೊಂದನೇ ಬುಟ್ಟಿ. ಇನ್ನೂ ಎರಡು ಗುಡಾಣ ಬಾಕಿ. ನೀವು ಅಲ್ಲಿ ನಿಲ್ಬೇಡಿ, ಮರಳು ಕಣ್ಣಿಗೆ ಬೀಳುತ್ತೆ."

ಗೋಬಿ ಮರುಭೂಮಿಯ ಅಂಚಿನ ನಮ್ಮ ಸೀಮೆಯಲ್ಲಿ ಇಂಥ ಹಲಗೆಯ ರಂಗಗಳು ಮೂರಿದ್ದವು. ಒಂದನ್ನು ಮರಳು ತೊಲೆಯವರೆಗೆ ಏರಿ ಮುಚ್ಚಿದೆ. ಇನ್ನೊಂದರಲ್ಲಿ ಕುರಿಗಳ ಮೇವು ಕೂಡಿಟ್ಟಿದ್ದಾರೆ. ಇನ್ನೂರು ವರ್ಷ ದಾಟಿದ ಲಿಯುಜಿಂಗಿನದು ಮಾತ್ರ ಈಗಲೂ ಕೆಲಸದಲ್ಲಿದೆ. ನಾಲ್ಕನೇ ತಿಂಗಳ ಎಂಟರಂದು ಎದುರಿನ ಮಳೆದೇವರ ಗುಡಿಯ ಹಬ್ಬ, ನಾಲ್ಕು ದಿನ ಆಟ. ಈ ಕಡೆ ಬರುವವರಿದ್ದರೆ ಮೊದಲ ದಿನವೇ ಬನ್ನಿ, ಏಕೆಂದರೆ ಅಂದಿನ ಆಟ ದೇವರಿಗೆ. ಅದಕ್ಕೆ ಮೈಕ್ ಇಡುವಂತಿಲ್ಲ. ಬಾಯಿಂದ ಹಾಡಿದ್ದು ಅರವತ್ತು ಹೆಜ್ಜೆ ದೂರದ ಗುಡಿಯ ಹೊಸ್ತಿಲಿಗೆ ಕೇಳಬೇಕು. ಅದಕ್ಕೆಂದೇ ಹಿರಿಯರು ಹಲಗೆಯ ಕೆಳಗೆ ಎಂಟು ಗುಡಾಣಗಳನ್ನು ಬಾಯಿ ಮೇಲಾಗಿ ಹೂತಿದ್ದಾರೆ. ಖಾಲಿ ಗುಡಾಣ ದನಿಯನ್ನು ಎತ್ತಿ ಕೊಡುತ್ತದೆ, ಮರಳು ತುಂಬಿದ್ದು ನುಂಗಿಬಿಡುತ್ತದೆ.

ಮೂವತ್ತೊಂದು ವರ್ಷಗಳಿಂದ ಆ ಮರಳನ್ನು ತೆಗೆದು ಹಾಕುತ್ತಿರುವವರು ಸೈಹ್ವಾ. ವಾರಕ್ಕೊಮ್ಮೆ, ಹಬ್ಬದ ತಿಂಗಳಲ್ಲಿ ದಿನವೂ, ಒಂದೂವರೆ ಅಡಿ ಎತ್ತರದ ಸಂದಿಯಲ್ಲಿ ಮೊಣಕೈ ಊರಿ ತೆವಳುತ್ತಾರೆ. ದಿನಕ್ಕೆ ಹದಿನೈದು ಹದಿನಾರು ಬುಟ್ಟಿ. ಮೊಣಕೈಗಳ ಚರ್ಮ ಹಳೆಯ ಚಪ್ಪಲಿಯಂತಾಗಿದೆ. ಆಟಗಾರರಿಗೆ ಹಾರ ಹಾಕುವಾಗ ಇವರ ಹೆಸರು ಯಾರಿಗೂ ನೆನಪಾದದ್ದಿಲ್ಲ. ನನಗೆ ಅದರ ಬಗ್ಗೆ ಸಿಟ್ಟಿದೆ, ಅವರಿಗಿಲ್ಲ.

ಕೆಲಸ ಅತ್ತೆಯಿಂದ ಬಂದದ್ದು. "ಎಡಗಡೆ ಮೂರನೇದು ನಮ್ಮನೇದು, ಅತ್ತೆ ಕೋಸಿನ ಉಪ್ಪಿನಕಾಯಿ ಹಾಕ್ತಿದ್ದ ಗುಡಾಣ. ಹಳೇದು ಬಿರುಕು ಬಿಟ್ಟಾಗ ತಂದು ಹೂತೆ. ಎಂಟರಲ್ಲಿ ಜೋರು ಅಂದ್ರೆ ಅದೇ. ಅತ್ತೆ ಕೈಲಿ ಪಳಗಿದ್ದಲ್ವಾ!"

ಕಳೆದ ವರ್ಷ ಎಡವಟ್ಟಾಯಿತು. ಹಬ್ಬದ ಹಿಂದಿನ ದಿನ ಗಾಳಿ ಕೆರಳಿದಾಗ ಸೈಹ್ವಾ ಹಳೆಯ ರಜಾಯಿ ಹರಿದು ಗುಡಾಣಗಳ ಬಾಯಿಗೆ ಕಟ್ಟಿದರು. ಬೆಳಗ್ಗೆ ಬಂದವರಿಗೆ ಕುರಿಮಾಂಸದ ಸಾರು ಕುದಿಸುವ ಗಡಿಬಿಡಿಯಲ್ಲಿ ಬಿಚ್ಚುವುದನ್ನೇ ಮರೆತರು. ಹಿರಿಯ ಹಾಡುಗಾರ ಕಾಂಗ್ ಗಂಟಲು ಹರಿಯುವಂತೆ ಹಾಡಿದರೂ ಗುಡಿಗೆ ಏನೂ ಮುಟ್ಟಲಿಲ್ಲ. ಆ ವರ್ಷ ಮಳೆ ಬರಲಿಲ್ಲ. ಇಲ್ಲಿ ಮಳೆ ಯಾವ ವರ್ಷ ಬಂದಿತ್ತೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹಬ್ಬದ ಸಮಿತಿಯ ಮುಖ್ಯಸ್ಥ ಡಿಂಗ್ ತೀರ್ಮಾನ ಮಾಡಿಯೇಬಿಟ್ಟರು: ಹಲಗೆ ಕಿತ್ತು, ಗುಡಾಣ ಮುಚ್ಚಿ, ಸಿಮೆಂಟ್ ಸುರಿಯುವುದು.

"ತಪ್ಪು ನಂದೇ ಅಂತ ಎಲ್ಲರೆದುರು ಒಪ್ಕೊಂಡೆ," ಎನ್ನುತ್ತಾರೆ ಸೈಹ್ವಾ. "'ಬಟ್ಟೆ ಎಲ್ಲಾದ್ರೂ ದನಿ ತಿನ್ನುತ್ತಾ ಅತ್ತಿಗೆ? ಹಲಗೆಗೆ ವಯಸ್ಸಾಯ್ತು' ಅಂತಾನೆ ಡಿಂಗ್. ಅವನಿಗೆ ಆಗಿಲ್ವಾ?"

ಕಾಂಗ್ ಹಟ ಹಿಡಿದು ಒಂದು ಪರೀಕ್ಷೆಗೆ ಒಪ್ಪಿಸಿದ್ದಾರೆ. ಅದು ಇಂದು ಬೆಳಗ್ಗೆ ಏಳಕ್ಕೆ. ಡಿಂಗ್ ಗುಡಿಯ ಹೊಸ್ತಿಲ ಮೇಲೆ ಕೂರಬೇಕು, ಕಾಂಗ್ ರಂಗದಿಂದ ಹಾಡಬೇಕು. ಕೇಳಿಸಿದರೆ ಹಲಗೆ ಉಳಿಯುತ್ತದೆ, ಇಲ್ಲವಾದರೆ ಹಬ್ಬ ಮುಗಿದ ಮರುದಿನವೇ ಸಿಮೆಂಟ್ ಲಾರಿ.

ಏಳು ಗಂಟೆಗೆ ಡಿಂಗ್ ಬಂದು ಕೂತಿದ್ದಾರೆ. ಕೊನೆಯ ಮರಳನ್ನು ಬುಟ್ಟಿಗೆ ಬಳಿದು, ಯಾವ ಬಾಯಿಗೂ ಬಟ್ಟೆ ಉಳಿದಿಲ್ಲವೆಂದು ಕೈಯಿಂದಲೇ ಮುಟ್ಟಿ ನೋಡಲು ಸೈಹ್ವಾ ಮತ್ತೆ ಒಳಗೆ ತೆವಳಿದ್ದಾರೆ. ಕಾಂಗ್ ಮಳೆದೇವರನ್ನು ಕರೆಯುವ ಸಾಲು ಎತ್ತುತ್ತಾರೆ. ನನ್ನ ಪಾದದಡಿ ಹಲಗೆ ಜುಮ್ಮೆನ್ನುತ್ತದೆ. ಅಲ್ಲಿಂದ ಡಿಂಗ್ ಕೈಯಾಡಿಸುತ್ತಾರೆ.

"ಏನೂ ಇಲ್ಲ! ಒಂದಕ್ಷರ ಕೇಳಿಸ್ಲಿಲ್ಲ!"

ಸೇರಿದ್ದ ಹತ್ತಾರು ಜನ ನೆಲ ನೋಡುತ್ತಾರೆ. ಕಾಂಗ್ ಒಮ್ಮೆ ಗಂಟಲು ಸರಿಮಾಡಿಕೊಂಡು, ಅದೇ ರಾಗದಲ್ಲಿ, ದನಿ ಒಂದಿಷ್ಟೂ ಏರಿಸದೆ ಹಾಡುತ್ತಾರೆ: "ಓ ಡಿಂಗ್ ಯಜಮಾನಾ, ನಿನ್ನ ಟೋಪಿ ಹಿಂದುಮುಂದಾಗಿದೆ..."

ಡಿಂಗ್ ಕೈ ತಟ್ಟನೆ ತಲೆಗೆ ಹೋಗುತ್ತದೆ.

ಟೋಪಿ ನೆಟ್ಟಗೇ ಇತ್ತು. ಜನ ಹೊಟ್ಟೆ ಹಿಡಿದು ನಗುತ್ತಾರೆ. ಡಿಂಗ್ ಕೆಂಪಗಾಗಿ, ಕೊನೆಗೆ ತಾವೂ ನಕ್ಕು ಕೂಗುತ್ತಾರೆ: "ಆಯ್ತು ಮಾರಾಯಾ, ಹಲಗೆ ಇರ್ಲಿ!"

"ಏನಾಯ್ತು? ಯಾಕೆ ನಗ್ತಿದ್ದೀರಿ?" ಎಂದು ಕೆಳಗಿನಿಂದ ಸೈಹ್ವಾ ಕೇಳುತ್ತಾರೆ. ನಾನು ಬಗ್ಗಿ ಎಲ್ಲ ಹೇಳುತ್ತೇನೆ. ಕತ್ತಲಲ್ಲಿ ಅವರ ಮುಖ ಕಾಣುವುದಿಲ್ಲ. ಮೂಗು ಒರೆಸಿಕೊಂಡದ್ದು ಕೇಳಿಸುತ್ತದೆ.

"ದೇವರಿಗೆ ಮುಟ್ಟಿ ನೋಡ್ಕೊಳ್ಳೋಕೆ ಟೋಪಿ ಇಲ್ವಲ್ಲ," ಎನ್ನುತ್ತಾರೆ. "ಇಷ್ಟು ವರ್ಷ ಅವನಿಗೆ ಕೇಳಿಸ್ತಿತ್ತೋ ಇಲ್ವೋ ನಂಗೆ ಗೊತ್ತೇ ಇರ್ಲಿಲ್ಲ. ಇವತ್ತು ಗೊತ್ತಾಯ್ತು. ಈ ಬುಟ್ಟಿ ಈಚೆ ಎಳ್ಕೊಳ್ಳಿ."