ವೆಂಟಿಲೇಷನ್ನಿಗೆ ಬಿಟ್ಟ ಜಾಗ

ಅವರ ಎಡಗೈ ಕಿರುಬೆರಳಿನ ಉಗುರು ಅರ್ಧ ಅಂಗುಲ ಉದ್ದವಿತ್ತು. ಉಳಿದ ಒಂಬತ್ತನ್ನೂ ಒಪ್ಪವಾಗಿ ಕತ್ತರಿಸಿಕೊಂಡು ಅದೊಂದನ್ನು ಮಾತ್ರ ಸಾಕಿಕೊಂಡಿದ್ದರು. ಕಿವಿ ಕೆರೆಯುವುದಕ್ಕೂ ಅದೇ, ಕಾಗದದ ಕವರು ಒಡೆಯುವುದಕ್ಕೂ ಅದೇ, ನಾನು ಮೂರು ಕೈ ಪಾಲಿಷ್ ಕೊಟ್ಟು ಒಣಗಲು ಬಿಟ್ಟ ಬಾಗಿಲನ್ನು ಗೀರಿ ಪರೀಕ್ಷೆ ಮಾಡುವುದಕ್ಕೂ ಅದೇ. ಗೀರಿದ ಮೇಲೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಇಲ್ಲೊಂದು ಗೀಟು ಇದೆಯಲ್ಲಯ್ಯಾ" ಅನ್ನುತ್ತಿದ್ದರು.

ಜಯನಗರದ ಆ ರಸ್ತೆಯಲ್ಲಿ ಅವರನ್ನು ಎಲ್ಲರೂ ಇಂಜಿನಿಯರ್ ಸಾಹೇಬರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಸರ್ಕಾರಿ ಕೆಲಸದಿಂದ ರಿಟೈರಾಗುವ ಹೊತ್ತಿಗೆ ಅಲ್ಲಿ ಮನೆ ಕಟ್ಟಿಸಿದರು. ಆ ಮನೆಯ ಬಾಗಿಲು, ಕಿಟಕಿ, ಬೀರು ಎಲ್ಲ ನನ್ನ ಕೈಯವು. ನಾನು ಸಿದ್ದಾಪುರದಲ್ಲಿ ಶೆಡ್ಡು ಹಾಕಿಕೊಂಡಿದ್ದ ಬಡಗಿ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಉಳಿ ಹಿಡಿದವನು. ಹೇಳಿದ ದಿನಕ್ಕೆ ಕೆಲಸ ಮುಗಿಸಿ ಕೊಡದೆ ಇದ್ದದ್ದು ಇಡೀ ಆಯುಸ್ಸಿನಲ್ಲಿ ಒಂದೇ ಸಲ. ಅದು ಈ ಸಾಹೇಬರಿಗೇ.

"ನಾನು ಡ್ಯಾಮ್ ಕಟ್ಟಿದವನು ಕಣಯ್ಯಾ" ಎಂಬುದು ಅವರು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದ ಮಾತು. ಅವರ ಜೊತೆ ಕೆಲಸ ಮಾಡಿದ್ದವರೊಬ್ಬರು ಒಂದು ದಿನ ಗೇಟಿನ ಹತ್ತಿರ ನಗುತ್ತಾ ನನಗೆ ಹೇಳಿದರು, "ಡ್ಯಾಮಿಗೆ ಹೋಗಿದ್ದೇನೋ ನಿಜ, ಗೆಸ್ಟ್‌ಹೌಸಿಗೆ ಕಾಂಪೌಂಡು ಹಾಕ್ಸೋಕೆ." ನನಗೆ ಆಶ್ಚರ್ಯವಾಗಲಿಲ್ಲ. ಟೇಪು ಹಿಡಿದು ಅಳತೆ ಹೇಳುವಾಗ ಇಂಚಿನ ಕಡೆ ಒಂದು ಕಣ್ಣು, ಸೆಂಟಿಮೀಟರಿನ ಕಡೆ ಇನ್ನೊಂದು ಕಣ್ಣು ಇಡುತ್ತಿದ್ದ ಮನುಷ್ಯ ಅವರು. ಅವರು ಹೇಳಿದ ಅಳತೆಗೆ ತಲೆಯಾಡಿಸಿ, ಅವರು ಒಳಗೆ ಹೋದ ಮೇಲೆ ನಾನೇ ಅಳೆದುಕೊಳ್ಳುತ್ತಿದ್ದೆ. ಅವರ ಮನೆಯ ಕಾಫಿ ನಾನು ಕುಡಿದದ್ದು ಒಂದೇ ದಿನ. ಹಿತ್ತಲ ಕಿಟಕಿಯಲ್ಲಿ ಬೇರೆಯಾಗಿ ಇಟ್ಟಿದ್ದ ಲೋಟ ತೋರಿಸಿ, "ಕುಡಿದು ತೊಳೆದು ಅಲ್ಲೇ ಇಡು" ಅಂದರು. ಮಾರನೆಯ ದಿನದಿಂದ ನಾನು ಫ್ಲಾಸ್ಕು ತೆಗೆದುಕೊಂಡು ಹೋದೆ.

ಸಾಹೇಬರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮನೆ ನಡೆಸುತ್ತಿದ್ದವರು ಅವರ ಅಕ್ಕ. ಹದಿನಾರು ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತಲೆ ಬೋಳಿಸಿಕೊಂಡು, ಕೆಂಪು ಸೀರೆ ಹೊದ್ದು ತವರಿಗೆ ಬಂದವರು. ತಾಯಿಯಿಲ್ಲದ ತಮ್ಮನನ್ನು ಹಪ್ಪಳ ಒತ್ತಿ ಮಾರಿ ಓದಿಸಿದವರೂ ಅವರೇ. ಇದನ್ನು ಅವರು ನನಗೆ ಹೇಳಿದ್ದು ಹೆಚ್ಚುಗಾರಿಕೆಗಲ್ಲ, ಹಪ್ಪಳದ ಹಲಗೆ ಸವೆದಿದೆ, ಸ್ವಲ್ಪ ಸರಿಮಾಡಿಕೊಡಪ್ಪ ಎಂದು ಕೇಳುವಾಗ. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ.

ಎಂಬತ್ತರ ದಶಕ ಶುರುವಾಗಿ ಸ್ವಲ್ಪ ದಿನಕ್ಕೆ ಸಾಹೇಬರ ಹಾಲಿಗೆ ಟಿವಿ ಬಂತು. ಭಾನುವಾರ ಸಂಜೆ ಕನ್ನಡ ಸಿನಿಮಾ. ಹಾಲಿಗೂ ಊಟದ ಮನೆಗೂ ನಡುವೆ ಬರೀ ಒಂದು ಕಮಾನು. ಅಮ್ಮ ಅದರ ಕೆಳಗೆ ಮಣೆ ಹಾಕಿಕೊಂಡು ಸಿನಿಮಾ ನೋಡುತ್ತಿದ್ದರು. ಹುಟ್ಟಿದ ಮೇಲೆ ಅವರು ನೋಡಿದ ಮೊದಲ ಸಿನಿಮಾಗಳು ಅವು. ಆಮೇಲೆ ಸಾಹೇಬರು ತಮ್ಮ ದರ್ಜೆಯವರನ್ನೆಲ್ಲ ಸಿನಿಮಾಕ್ಕೆ ಕರೆಯಲು ಶುರುಮಾಡಿದರು. ಕರೆದ ಎರಡನೇ ವಾರಕ್ಕೇ ನನಗೆ ಹೇಳಿ ಕಳಿಸಿದರು.

"ಇಲ್ಲೊಂದು ಮಡಿಸೋ ಬಾಗಿಲು ಬೇಕು. ದೊಡ್ಡ ಹೋಟ್ಲಲ್ಲಿ ನೋಡಿದೀನಿ. ಬಂದವರಿಗೆ ಊಟದ ಮನೆ ಕಾಣಬಾರದು."

ಊಟದ ಮನೆಯಲ್ಲಿ ಕಾಣಬಾರದ್ದು ಏನಿತ್ತು ಎಂದು ನನಗೆ ಗೊತ್ತಿತ್ತು. ಮಣೆ ಮೇಲೆ ಕೂತಿದ್ದ ಅಮ್ಮನಿಗೂ ಗೊತ್ತಿತ್ತು.

ಬಾಗಿಲು ಚೆನ್ನಾಗಿಯೇ ಬಂತು. ತೇಗದ ಆರು ಚೌಕಟ್ಟುಗಳು, ಒಂದಕ್ಕೊಂದು ಹಿಂಜು ಹಾಕಿ, ಮೇಲಿನ ಕಂಬಿಯಲ್ಲಿ ಚಕ್ರದ ಮೇಲೆ ಓಡುವ ಹಾಗೆ. ಎಳೆದರೆ ಗೋಡೆಯಿಂದ ಗೋಡೆಗೆ ಮುಚ್ಚುತ್ತದೆ, ತಳ್ಳಿದರೆ ಬೀಸಣಿಗೆಯ ಹಾಗೆ ಮಡಿಸಿಕೊಂಡು ಮೂಲೆ ಸೇರುತ್ತದೆ. ಚೌಕಟ್ಟಿನೊಳಗೆ ಮರದ ಬದಲು ಕಾಫಿ ಬಣ್ಣದ ದಪ್ಪ ಬಟ್ಟೆ. ಅಮ್ಮ ಒಂದೇ ಒಂದು ಮಾತು ಕೇಳಿದರು, "ಬಟ್ಟೆ ಅಂದ್ರೆ ಒಗ್ಗರಣೆ ಹೊಗೆಗೆ ಜಿಡ್ಡು ಹಿಡಿಯತ್ತಪ್ಪ. ಬಿಚ್ಚಿ ಒಗೆಯೋ ಹಾಗೆ ಮಾಡ್ಕೊಡು." ಸುತ್ತಲೂ ಟಿಚ್ ಬಟನ್ ಹಾಕಿಸಿ ಕೊಟ್ಟೆ. ಮುಂದಿನ ಭಾನುವಾರ ಸಾಹೇಬರು ಒಂದು ಬಟ್ಟೆ ಬಿಚ್ಚಿ ಹಾಕಿ ತೋರಿಸುತ್ತಾ, "ರಿಮೂವಬಲ್. ನಂದೇ ಡಿಸೈನು" ಅಂದರಂತೆ.

ತಿಂಗಳೆರಡು ಕಳೆದ ಮೇಲೆ ಒಂದು ಭಾನುವಾರ ಚಕ್ರ ಸಿಕ್ಕಿಕೊಂಡಿದೆ ಎಂದು ಕರೆಸಿದರು. ನಾನು ಸ್ಟೂಲು ಹತ್ತಿ ಎಣ್ಣೆ ಬಿಟ್ಟು ಸರಿಮಾಡುವ ಹೊತ್ತಿಗೆ ಬಂದವರೆಲ್ಲ ಕೂತಾಗಿತ್ತು, ಸಿನಿಮಾ ಶುರುವಾಗಿತ್ತು. ಬಾಗಿಲು ಎಳೆದು ಮುಚ್ಚಿದೆ. ಗೋಡೆ ಪಕ್ಕದ ಕೊನೆಯ ಚೌಕಟ್ಟಿನಲ್ಲಿ ಬಟ್ಟೆ ಇರಲಿಲ್ಲ. ಅದು ಹಿತ್ತಲ ತಂತಿಯ ಮೇಲೆ ನೀರು ಸೋರಿಸುತ್ತಿತ್ತು. ಆ ಖಾಲಿ ಚೌಕಟ್ಟಿನ ಆಚೆ ಅಮ್ಮ ಮಣೆಯ ಮೇಲೆ ಕೂತು ಟಿವಿ ನೋಡುತ್ತಿದ್ದರು.

ಅತಿಥಿಗಳಲ್ಲಿ ಒಬ್ಬರು ಬ್ಯಾಂಕ್ ಮ್ಯಾನೇಜರು, ಒಳ್ಳೆಯ ಮನುಷ್ಯ. "ಸಾರ್, ಒಳಗೆ ಯಾರೋ ಕೂತಿದಾರಲ್ಲ. ಈಚೆಗೆ ಬರೋಕೆ ಹೇಳಿ, ಕುರ್ಚಿ ಇದೆ" ಅಂದರು.

ಸಾಹೇಬರು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಅವರು ನಮ್ಮ ಅಡಿಗೆಯವರು. ಅಲ್ಲೇ ಇರ್ತಾರೆ ಬಿಡಿ."

ಅಮ್ಮ ಇದ್ದದ್ದು ಮೂರು ಮೊಳ ದೂರದಲ್ಲಿ. ಸಿನಿಮಾ ಇನ್ನೂ ಅರ್ಧ ಬಾಕಿಯಿತ್ತು. ಅವರು ಮಣೆ ಎತ್ತಿಕೊಂಡು ಒಳಗೆ ಹೋದರು.

ಮಾರನೆಯ ಬೆಳಿಗ್ಗೆಯೇ ನನಗೆ ಮತ್ತೆ ಕರೆ. ಅಮ್ಮ ಊಟದ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

"ಟಿಚ್ ಬಟನ್ ಎಲ್ಲಾ ಕಿತ್ಹಾಕು" ಅಂದರು ಸಾಹೇಬರು. "ಬಟ್ಟೆಗೆ ಸುತ್ತಲೂ ಮೊಳೆ ಹೊಡಿ. ಬಿಚ್ಚೋಕೇ ಬರಬಾರದು."

"ಒಗೆಯೋದು ಹ್ಯಾಗೆ ಸಾರ್?"

"ಒಗೆಯೋದು ಬೇಡ. ಅದ್ಯಾಕೆ ಪ್ರತಿ ಭಾನುವಾರಾನೇ ಕೊಳೆಯಾಗತ್ತೆ ಇದು? ಅದೂ ಸಿನಿಮಾ ಹೊತ್ತಿಗೆ?"

ಅಮ್ಮ ತಲೆಯೆತ್ತದೆ ಹೇಳಿದರು, "ಭಾನುವಾರ ತಾನೇ ನಲ್ಲೀಲಿ ನೀರು ಚೆನ್ನಾಗಿ ಬರೋದು."

ನಾನು ಚೀಲ ಕೆಳಗಿಟ್ಟೆ. "ನನ್ನ ಕೈಲಿ ಆಗಲ್ಲ ಸಾರ್. ಇಷ್ಟು ಸಣ್ಣ ಪಟ್ಟಿಗೆ ಮೊಳೆ ಹೊಡೆದ್ರೆ ಸೀಳತ್ತೆ. ಮೊದಲು ಬೈರಿಗೇಲಿ ತೂತು ಹಾಕ್ಬೇಕು. ಬೈರಿಗೆ ತಂದಿಲ್ಲ." ಬೈರಿಗೆ ಚೀಲದಲ್ಲೇ ಇತ್ತು.

"ಆರನೇ ಕ್ಲಾಸಿನವನು ನನಗೆ ಮರದ ಸ್ಟ್ರೆಂತ್ ಹೇಳ್ಕೊಡ್ತೀಯ? ಕೊಡಿಲ್ಲಿ ಸುತ್ತಿಗೆ."

ಕೊಟ್ಟೆ. ಮೊಳೆಯನ್ನೂ ಅವರೇ ಆರಿಸಿಕೊಂಡರು, ಎರಡು ಅಂಗುಲದ್ದು. ಮೊದಲ ಏಟು ಬೆರಳಿಗೆ, ಎರಡನೆಯದು ಗಾಳಿಗೆ. ಮೂರನೆಯ ಏಟಿಗೆ ನನ್ನ ತೇಗದ ಪಟ್ಟಿ ಮೇಲಿಂದ ಕೆಳಗಿನವರೆಗೆ ಕಬ್ಬಿನ ಜಲ್ಲೆಯ ಹಾಗೆ ಸೀಳಿಕೊಂಡಿತು.

"ಡ್ಯಾಮಿಗೂ ಹೀಗೇ ಹೊಡೆದ್ಯೇನೋ?" ಅಂದರು ಅಮ್ಮ, ಅವರೆಕಾಯಿ ಬಿಡಿಸುತ್ತಲೇ.

ಓದು ಬಿಟ್ಟವನೆಂಬ ನಾಚಿಕೆ ನನ್ನೊಳಗೆ ಅಲ್ಲಿಯವರೆಗೂ ಇತ್ತು. ಡಿಗ್ರಿಯವರ ಮುಂದೆ ನಿಂತಾಗ ಮಾತು ತಾನಾಗಿ ಸಣ್ಣದಾಗುತ್ತಿತ್ತು. ಬೆರಳು ಚೀಪಿಕೊಂಡು ನಿಂತ ಆ ಸಾಹೇಬರನ್ನು ನೋಡಿದ ನಿಮಿಷಕ್ಕೆ ಅದು ಹೋಯಿತು; ಮತ್ತೆ ಬರಲಿಲ್ಲ. ಅವರಿಂದ ನನಗಾದ ಉಪಕಾರ ಅದೊಂದೇ, ಅದೂ ಅವರಿಗೆ ಗೊತ್ತಿಲ್ಲದೆ ಆದದ್ದು.

ಸೀಳಿದ ಚೌಕಟ್ಟನ್ನು ಬಿಚ್ಚಿಕೊಂಡು ಸಿದ್ದಾಪುರಕ್ಕೆ ತಂದೆ. ಒಂದು ದಿನದ ಕೆಲಸ. ಅದನ್ನು ಅಟ್ಟಕ್ಕೆ ಹಾಕಿ ಬೇರೆ ಕೆಲಸ ಹಿಡಿದೆ. ಬಾಗಿಲಿನ ಉಳಿದ ಐದು ಚೌಕಟ್ಟು ಎಷ್ಟು ಎಳೆದರೂ ಗೋಡೆ ಪಕ್ಕ ಎರಡಡಿ ಸಂದು ಉಳಿಯುತ್ತದೆ, ಒಂದು ಮಣೆಗೆ ಬೇಕಾದಷ್ಟು.

ಸಾಹೇಬರು ವಾರಕ್ಕೊಂದು ಸಲ ಶೆಡ್ಡಿಗೆ ಬಂದರು. ಮೊದಲು ತೇಗ ಸಿಕ್ಕಿಲ್ಲ ಅಂದೆ. ಆಮೇಲೆ ಸಿಕ್ಕಿದೆ, ಹಸಿ ಇದೆ ಅಂದೆ. "ಮಳೆಗಾಲ ಕಳೀಲಿ ಸಾರ್, ಮರ ಒಣಗ್ಬೇಕು."

"ಹೌದೌದು, ಮಾಯಿಶ್ಚರ್" ಎಂದು ತಲೆಯಾಡಿಸಿ ಹೋದರು.

ಪಕ್ಕದಲ್ಲಿ ಪಾಲಿಷ್ ಮಾಡುತ್ತಿದ್ದವನು ನಕ್ಕ. "ಏನ್ ಗುರು, ನೀನೂ ಡೇಟ್ ತಪ್ಸೋಕೆ ಕಲ್ತೆ?" ಆ ಮಾತು ಚುಚ್ಚಿತು. ಮಳೆಗಾಲ ಮುಗಿಯುವಷ್ಟರಲ್ಲಿ ತಡೆಯಲಾಗದೆ ಚೌಕಟ್ಟು ಸಿದ್ಧಮಾಡಿ ಹೊತ್ತುಕೊಂಡು ಹೋದೆ. ಸಾಹೇಬರು ಬಾಗಿಲಲ್ಲೇ ತಡೆದರು.

"ಬೇಡ ಕಣಯ್ಯಾ, ಹಾಗೇ ಇರ್ಲಿ. ಅದು ವೆಂಟಿಲೇಷನ್ನಿಗೆ ಬಿಟ್ಟಿರೋ ಜಾಗ. ಬಂದವರೆಲ್ಲ ಮೆಚ್ಕೊಂಡಿದಾರೆ. ಪದ್ಮನಾಭನಗರದವರೊಬ್ಬರು ತಮ್ಮನೇಗೂ ಹೀಗೇ ಬೇಕು ಅಂತಿದಾರೆ."

ಯಾರೋ ಸಂದು ಯಾಕೆ ಎಂದು ಕೇಳಿದ್ದಾರೆ, ಇವರು ಬಾಯಿಗೆ ಬಂದದ್ದು ಹೇಳಿದ್ದಾರೆ, ಹೇಳಿದ ಮೇಲೆ ಅದು ಇವರದೇ ಡಿಸೈನು. ಇನ್ನು ಅದನ್ನು ಮುಚ್ಚಿದರೆ ಮರ್ಯಾದೆ ಹೋಗುತ್ತದೆ. ನಾನು ಅಟ್ಟಕ್ಕೆ ಹಾಕಿದ ಚೌಕಟ್ಟಿಗಿಂತ ಅವರ ಜಂಬವೇ ಅಮ್ಮನ ಜಾಗವನ್ನು ಭದ್ರವಾಗಿ ಕಾಯಿತು. ಆದರೆ ಒಂದು ಕರಾರಿನ ಮೇಲೆ. ಅಲ್ಲಿ ಕೂತವರು ಅಡಿಗೆಯವರು. ನಾನು ಒಂದು ಸಲ ಆ ಮಾತು ಎತ್ತಿದ್ದಕ್ಕೆ ಅಮ್ಮ, "ಅಡಿಗೆ ಮಾಡೋದೇನೂ ಸುಳ್ಳಲ್ಲವಲ್ಲ. ಸಿನಿಮಾ ಕಾಣತ್ತೆ, ಸಾಕು ಬಿಡು" ಅಂದರು. ಐದಾರು ವರ್ಷ ಪ್ರತಿ ಭಾನುವಾರ ಹಾಗೆಯೇ ನೋಡಿದರು.

ಸಾಹೇಬರು ಒಂದು ಬೆಳಿಗ್ಗೆ ಪೇಪರು ಓದುತ್ತಾ ಕುರ್ಚಿಯಲ್ಲೇ ಹೋದರು. ಸುದ್ದಿ ಕೇಳಿ ಹೋದೆ. ದುಃಖಕ್ಕಲ್ಲ, ಅಮ್ಮ ಒಬ್ಬರೇ ಇರುತ್ತಾರೆ ಎಂದು. ಬಾಗಿಲನ್ನು ಪೂರ್ತಿ ಮಡಿಸಿ ಮೂಲೆಗೆ ತಳ್ಳಿದ್ದರು. ಹಾಲಿನ ನಡುವೆ ಹೆಣ, ತಲೆಯ ಹತ್ತಿರ ದೀಪ, ದೀಪದ ಹತ್ತಿರ ಅಮ್ಮ. ಇಷ್ಟು ಜನರ ಮುಂದೆ ಆ ಹಾಲಿನಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬ್ಯಾಂಕ್ ಮ್ಯಾನೇಜರು ಹಾರ ಹಾಕಿ, ಪಕ್ಕಕ್ಕೆ ಬಂದು ಬಗ್ಗಿ ಮೆಲ್ಲಗೆ ಕೇಳಿದರು, "ಅಲ್ಲಮ್ಮಾ, ಇವರ ಕಡೆಯವರಿಗೆ ಯಾರಾದ್ರೂ ಹೇಳಿ ಕಳಿಸಿದಾರಾ? ಒಡಹುಟ್ಟಿದವರು ಅಂತ ಯಾರೂ ಇಲ್ವಾ ಪಾಪ?"

ನಾನು ಬಾಯಿ ತೆರೆದೆ. ಅಮ್ಮ ನನ್ನ ಕಡೆ ನೋಡಿದ ರೀತಿಗೆ ಅದು ಹಾಗೇ ಮುಚ್ಚಿಕೊಂಡಿತು. ಇಡೀ ಬದುಕಿನಲ್ಲಿ ಆ ಮನುಷ್ಯ ಒಂದು ಸಲವೂ ಸಂಪಾದಿಸದ ಮರ್ಯಾದೆಯನ್ನು ಅಮ್ಮ ಅಲ್ಲಿ, ಹೆಣದ ಪಕ್ಕ ಕೂತು, ತಮ್ಮನಿಗೆ ಉಳಿಸಿಕೊಟ್ಟರು.

"ಒಬ್ಬಳು ಅಕ್ಕ ಇದಾಳೆ" ಅಂದರು. "ಅವಳಿಗೆ ಗೊತ್ತಾಗಿದೆ." ಆಮೇಲೆ ದೀಪಕ್ಕೆ ಎಣ್ಣೆ ಹಾಕಿದರು.