ಖಾಸಗಿಯೋ ಸಾರ್ವಜನಿಕವೋ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಗೂ ಎದುರು ಮನೆಗೂ ವೈಫೈ ಒಂದೇ. ಹಗಲೆಲ್ಲ ಬಾಗಿಲು ತೆರೆದಿರುವ ಮಹಡಿಯಲ್ಲಿ ಪಾಸ್‌ವರ್ಡ್ ಬಚ್ಚಿಡಬೇಕೆಂದು ಯಾರಿಗೂ ತೋಚಿರಲಿಲ್ಲ. ಎದುರು ಮನೆಯವರು ಉಡುಪಿ ಕಡೆಯವರು. ಆ ಮನೆಯಾಕೆಯೂ ನನ್ನ ಹೆಂಡತಿಯೂ ಬೆಳಿಗ್ಗೆ ಒಂದೇ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕೆಲಸಕ್ಕೆಂದು ಥಾಣೆ ನಗರಕ್ಕೆ ಹೋಗುತ್ತಾರೆ.

ಹೆಂಡತಿಯ ಎಡ ಎದೆಯಲ್ಲಿ ಗಂಟು ಕಂಡಾಗ ಅವಳು ನನ್ನಲ್ಲಿ ಕೇಳಿಕೊಂಡದ್ದು ಇಷ್ಟೇ: "ಬಯಾಪ್ಸಿ ರಿಪೋರ್ಟ್ ಬರೋತನಕ ಯಾರಿಗೂ ಹೇಳ್ಬೇಡಿ. ಎದುರು ಮನೆಗಂತೂ ಬೇಡವೇ ಬೇಡ. ಅವರು ನನ್ನ ಮುಖ ನೋಡಿದ್ರೆ ಅತ್ತುಬಿಡ್ತೀನಿ."

ಇನ್ನೊಬ್ಬ ಡಾಕ್ಟರಿಗೆ ಕಳಿಸಲು ಅವಳ ಆಸ್ಪತ್ರೆಯ ಕಾಗದಗಳನ್ನು ಮನೆಯಲ್ಲೇ ಸ್ಕ್ಯಾನ್ ಮಾಡುತ್ತಿದ್ದೆ. ಪರದೆಯ ಮೇಲೆ, ಕಂಪ್ಯೂಟರನ್ನು ಹೊರಗಿನವರಿಂದ ಕಾಯುವ ಫೈರ್‌ವಾಲ್‌ನ ಎಚ್ಚರಿಕೆ ಬಂತು. ಸ್ಕ್ಯಾನರಿನ ಪ್ರೋಗ್ರಾಂ ವೈಫೈನಲ್ಲಿರುವ ಬೇರೆ ಕಂಪ್ಯೂಟರುಗಳನ್ನು ಒಳಗೆ ಬಿಡಲು ಅನುಮತಿ ಕೇಳುತ್ತಿತ್ತು. ಈ ನೆಟ್‌ವರ್ಕ್ ಖಾಸಗಿಯೋ ಸಾರ್ವಜನಿಕವೋ? ಖಾಸಗಿ ಎಂದರೆ ಅದು ವೈಫೈನಲ್ಲಿರುವವರನ್ನೆಲ್ಲ ನಂಬುತ್ತದೆ, ಸಾರ್ವಜನಿಕ ಎಂದರೆ ಯಾರನ್ನೂ ನಂಬುವುದಿಲ್ಲ. ಅನುಮತಿಸಬೇಕೋ, ರದ್ದು ಮಾಡಬೇಕೋ? ರದ್ದು ಎಂಬುದನ್ನೇ ಒತ್ತಿದೆ. ಹಾಗೆಂದು ನನ್ನ ನೆನಪು.

ಆ ವಾರವೇ ಎದುರು ಮನೆಯಾಕೆ ಗಂಜಿಯ ಪಾತ್ರೆ ಹಿಡಿದು ಬಂದರು. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. "ಹೆದರ್ಬೇಡಿ ಅಂತ ಹೇಳಿ ಅವರಿಗೆ," ಎಂದಷ್ಟೇ ಹೇಳಿ, ಪಾತ್ರೆಯಿಟ್ಟು ಹೋದರು.

ವೈಫೈ ಮೂಲಕ ಆ ಕಾಗದಗಳು ಅವರಿಗೆ ಕಂಡಿರಬೇಕು ಎಂದುಕೊಂಡೆ. ಫೈರ್‌ವಾಲ್‌ನ ಸೆಟ್ಟಿಂಗ್ಸ್ ತೆರೆದೆ. ಅನುಮತಿ ಪಡೆದ ಪ್ರೋಗ್ರಾಂಗಳ ನಡುವೆ ಸ್ಕ್ಯಾನರಿನದೂ ಇತ್ತು. 'ಖಾಸಗಿ' ಎಂಬಲ್ಲಿ ಟಿಕ್ ಬಿದ್ದಿತ್ತು. ಕಾಗದಗಳಿದ್ದ ಫೋಲ್ಡರ್ ಕೂಡ ವೈಫೈನಲ್ಲಿರುವ ಎಲ್ಲರಿಗೂ ಕಾಣುವಂತೆ ಹಂಚಿಕೆಯಲ್ಲಿತ್ತು. ಸಾಕ್ಷ್ಯವಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಈಗ ಸಾಕ್ಷ್ಯ ನನ್ನ ನೆನಪಿಗೇ ವಿರುದ್ಧವಾಗಿತ್ತು. ಪ್ರೋಗ್ರಾಂ ಹಾಕಿದಾಗಲೇ ಆ ಟಿಕ್ ಬಿದ್ದಿರಬಹುದು. ಅಥವಾ, ಇದು ಮನೆ, ಮನೆಯೆಂದರೆ ಖಾಸಗಿಯೇ ಎಂದುಕೊಂಡು ನಾನೇ ಹಾಕಿರಬಹುದು. ಟಿಕ್ ತೆಗೆದೆ, ಹಂಚಿಕೆ ನಿಲ್ಲಿಸಿದೆ, ನೆಟ್‌ವರ್ಕನ್ನು 'ಸಾರ್ವಜನಿಕ' ಮಾಡಿದೆ. ಅಷ್ಟಾದರೂ ಕೂರಲಾಗಲಿಲ್ಲ. ಎದುರು ಮನೆಗೆ ಹೋಗಿ ಕೇಳಿಯೇಬಿಟ್ಟೆ: ನಿಮ್ಮ ಲ್ಯಾಪ್‌ಟಾಪಿನಲ್ಲಿ ನಮ್ಮ ಫೈಲು ಕಾಣಿಸಿತೇ?

"ಎಂತ ಫೈಲು ಮಾರಾಯ್ರೆ? ನನ್ನ ಲ್ಯಾಪ್‌ಟಾಪಲ್ಲಿ ಕಾಣುದು ಆಫೀಸಿನ ತಲೆನೋವು ಮಾತ್ರ." ನಕ್ಕವರು ಆಮೇಲೆ ದನಿ ತಗ್ಗಿಸಿದರು. "ಗಾಡಿಯಲ್ಲಿ ಅವರು ಬ್ಯಾಗನ್ನು ಎಡಗಡೆಗೆ ಒತ್ತಿ ಹಿಡ್ಕೊಂಡು ನಿಲ್ಲುದು. ದಿವಾ ಸ್ಟೇಷನ್ನಲ್ಲಿ ಜನ ನುಗ್ಗುವಾಗ ಕಣ್ಣು ಮುಚ್ಚಿಕೊಳ್ತಾರೆ. ನನ್ನ ಅಕ್ಕನೂ ಹೀಗೇ ನಿಲ್ತಾ ಇದ್ದದ್ದು. ಅವರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ: ಗಂಜಿ, ಟಿಕ್, ಬ್ಯಾಗು.

"ಅದಕ್ಕೇನಾ ಅವರು ಈಗೀಗ ಗಾಡೀಲಿ ನನ್ನ ಎಡಗಡೆಗೇ ಬಂದು ನಿಂತ್ಕೊಳ್ಳೋದು?" ಎಂದಳು. "ಜಾಗ ಸಾಲದೆ ಒತ್ತುತ್ತಾರೆ ಅಂತ ಮನಸ್ಸಲ್ಲೇ ಬೈಕೊಂಡಿದ್ದೆ."

"ಪಾಸ್‌ವರ್ಡ್ ಬದಲಾಯಿಸಲಾ?"

"ಬೇಡ."

ರಿಪೋರ್ಟ್ ಇನ್ನೂ ಬಂದಿರಲಿಲ್ಲ. ತೊಳೆದ ಪಾತ್ರೆ ಹಿಡಿದು ಅವಳೇ ಎದುರು ಮನೆಗೆ ಹೋದಳು. ನಾನು ಕಂಪ್ಯೂಟರಿನ ಮುಂದೆ ಕೂತು, ಬೆರಳು ಯಾವ ಗುಂಡಿಗೆ ಹೋಗಿತ್ತೆಂದು ಮತ್ತೆ ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಎರಡು ತೆರೆದ ಬಾಗಿಲುಗಳ ಆಚೆಯಿಂದ ಅವಳು ಅಳುವುದು ಕೇಳಿಸುತ್ತಿತ್ತು. ನಾನು ಎದ್ದು ಹೋಗಲಿಲ್ಲ. ಬಾಗಿಲನ್ನೂ ಮುಚ್ಚಲಿಲ್ಲ.